ನಿಗಾ ಎಂದು ಮುಗಿಯುತ್ತದೆ?



ಪ್ರೊಬೇಶನ್ ಎಂದರೆ ನಮ್ಮ ಶಿಕ್ಷಕರಿಗೆ ನೌಕರಿಯ ಮೊದಲ ದಿನಗಳು ನೆನಪಾಗುತ್ತವೆ. ಕೋರ್ಟಿನಲ್ಲೂ ಅದೇ ಪದವಿದೆ. ತಪ್ಪು ಸಾಬೀತಾದವನನ್ನು ಜೈಲಿಗೆ ಕಳಿಸದೆ, ಮುಚ್ಚಳಿಕೆ ಬರೆಸಿಕೊಂಡು, ಊರಲ್ಲೇ ನಿಗಾದಲ್ಲಿ ಇಡುವುದೇ ಪ್ರೊಬೇಶನ್. ಈ ನಿಗಾ ಮುಗಿಯುವುದು ಹೇಗೆ? ಷರತ್ತು ಮುರಿದರೆ ಏನಾಗುತ್ತದೆ?

ಮೊದಲು, ಮುಗಿಯದೇ ಇದ್ದ ನಿಗಾದ ಕಥೆ ಕೇಳಿರಿ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಹುಟ್ಟಿನಿಂದಲೇ ಇಡೀ ಜಾತಿಗೆ ಕಳ್ಳರೆಂಬ ಹಣೆಪಟ್ಟಿ! ಉಮರ್ಗಾದಿಂದ ಹೈದರಾಬಾದ್ ರಸ್ತೆ ಹಿಡಿದು ಪಶ್ಚಿಮಕ್ಕೆ ಹೋದರೆ ಸಿಗುವ ಸೊಲ್ಲಾಪುರ ಆಗ ಮುಂಬೈ ಪ್ರಾಂತದಲ್ಲಿತ್ತು. ಅಲ್ಲಿ ಇಂಥ ಕುಟುಂಬಗಳನ್ನು ತಂತಿಬೇಲಿಯ ಸೆಟ್ಲ್‌ಮೆಂಟಿನಲ್ಲಿ ಇಟ್ಟರು. ಹಾಜರಿ ಕೊಡಬೇಕು, ಪರವಾನಗಿ ಇಲ್ಲದೆ ಹೊರಹೋದರೆ ಅದೇ ಅಪರಾಧ. ಕೊನೆಯ ದಿನ ಎಂಬುದೇ ಇರಲಿಲ್ಲ. ತಂದೆಯ ನಿಗಾ ಮಗನಿಗೂ ಬರುತ್ತಿತ್ತು. ಮುಂಬೈ ಸರಕಾರ 1949ರಲ್ಲಿ ಅದನ್ನು ತೆಗೆಯಿತು, ದೇಶದಲ್ಲಿ 1952ರ ಆಗಸ್ಟ್ 31ರಂದು ರದ್ದಾಯಿತು. ಹಣೆಪಟ್ಟಿ ಮಾತ್ರ ಬೇಗ ಅಳಿಯಲಿಲ್ಲ. ನಮ್ಮ ಲಾತೂರ ಜಿಲ್ಲೆಯ ಲಕ್ಷ್ಮಣ ಗಾಯಕವಾಡರ ಆತ್ಮಕಥೆ 'ಉಚಲ್ಯಾ' ಇದಕ್ಕೆ ಸಾಕ್ಷಿ. ಅದಕ್ಕೆ 1988ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಪ್ರೊಬೇಶನ್ನಿನ ದಾರಿ ಬೇರೆ. 1841ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಜಾನ್ ಆಗಸ್ಟಸ್ ಎಂಬ ಬೂಟು ಹೊಲಿಯುವವರು ಒಬ್ಬ ಕುಡುಕನಿಗೆ ಜಾಮೀನಾದರು. ಮೂರು ವಾರದಲ್ಲಿ ಅವನು ಸುಧಾರಿಸಿ ಬಂದ. ಕೋರ್ಟು ಜೈಲಿನ ಬದಲು ಒಂದು ಸೆಂಟ್ ದಂಡವನ್ನೂ ಕೋರ್ಟು ಖರ್ಚನ್ನೂ ವಿಧಿಸಿತು. ಮುಂಬೈ ಪ್ರಾಂತದಲ್ಲಿ 1938ರಲ್ಲಿ ಪ್ರೊಬೇಶನ್ ಕಾಯ್ದೆ ಆಯಿತು. ಆಗ ನಮ್ಮ ಮೂರೂ ತಾಲೂಕುಗಳು ನಿಜಾಮರ ಆಡಳಿತದಲ್ಲಿದ್ದವು. 1956ರ ನವೆಂಬರ್ 1ರಂದು ನಿಲಂಗಾ, ಉದಗೀರ ಬೀದರ ಜಿಲ್ಲೆಯಿಂದ ಕಳಚಿ ಮುಂಬೈ ರಾಜ್ಯ ಸೇರಿದವು. ಎರಡು ವರ್ಷದೊಳಗೆ, 1958ರಲ್ಲಿ, ಕೇಂದ್ರದ ಪ್ರೊಬೇಶನ್ ಕಾಯ್ದೆ ಬಂತು.

ಈ ಕಾಯ್ದೆಯಲ್ಲಿ ಮುಚ್ಚಳಿಕೆಯ ಅವಧಿ ಮೂರು ವರ್ಷ ಮೀರುವಂತಿಲ್ಲ. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದು ಸಿಗದು. 21 ವರ್ಷದೊಳಗಿನವರನ್ನು ಜೈಲಿಗೆ ಕಳಿಸುವುದಾದರೆ ನ್ಯಾಯಾಧೀಶರು ಕಾರಣ ಬರೆಯಬೇಕು. ಅವಧಿ ಸರಿಯಾಗಿ ಕಳೆದರೆ ಮುಚ್ಚಳಿಕೆ ಮುಗಿಯಿತು. ನಡತೆ ಚೆನ್ನಾಗಿದ್ದರೆ ಪ್ರೊಬೇಶನ್ ಅಧಿಕಾರಿಯ ಅರ್ಜಿಯ ಮೇಲೆ ಕೋರ್ಟು ಮೊದಲೇ ಬಿಡುಗಡೆ ಮಾಡಬಹುದು.

ಷರತ್ತು ಮುರಿದರೆ ಸಮನ್ಸು ಅಥವಾ ವಾರಂಟು ಬರುತ್ತದೆ. ಮುರಿದದ್ದು ನಿಜವೆಂದು ಕಂಡರೆ ಕೋರ್ಟು ಮೂಲ ಅಪರಾಧಕ್ಕೇ ಶಿಕ್ಷೆ ಕೊಡಬಹುದು. ಮೊದಲ ಸಲದ ತಪ್ಪಾದರೆ 50 ರೂಪಾಯಿವರೆಗೆ ದಂಡ ಹಾಕಿ ಮುಚ್ಚಳಿಕೆ ಮುಂದುವರಿಸಲೂ ಬಹುದು. ಆ ದಂಡ ಕಟ್ಟದಿದ್ದರೆ ಮತ್ತೆ ಮೂಲ ಶಿಕ್ಷೆಯ ಮಾತು.

ಎಲ್ಲಕ್ಕಿಂತ ಮುಖ್ಯ 12ನೇ ಕಲಮು. ಪ್ರೊಬೇಶನ್ ಪಡೆದವನಿಗೆ, ಅಪರಾಧಿ ಎನಿಸಿಕೊಂಡ ಕಾರಣಕ್ಕೆ ಕಾನೂನು ಹಚ್ಚುವ ಅನರ್ಹತೆ ಅಂಟುವುದಿಲ್ಲ. ಷರತ್ತು ಮುರಿದು ಮೂಲ ಶಿಕ್ಷೆಗೆ ಒಳಗಾದರೆ ಈ ರಕ್ಷಣೆಯೂ ಹೋಗುತ್ತದೆ.

ಒಂದು ತೊಡಕು ಇದೆ. ಅಪರಾಧಿಗೆ ಇಲ್ಲವೆ ಜಾಮೀನುದಾರನಿಗೆ ಸ್ಥಿರವಾದ ಮನೆ ಅಥವಾ ಕಾಯಂ ಉದ್ಯೋಗ ಇರಬೇಕು ಎನ್ನುತ್ತದೆ ಕಾಯ್ದೆ. ಅಲೆಮಾರಿಗಳು ಎಲ್ಲಿಂದ ತರಬೇಕು? ಕಬ್ಬು ಕಡಿಯಲು ಗುಳೆ ಹೋಗುವ ನಮ್ಮ ಮಕ್ಕಳ ತಂದೆ-ತಾಯಿಗಳಿಗೂ ಈ ಮಾತು ಬೇಕು. ವಾಸದ ಷರತ್ತು ಇದ್ದರೆ, ಗಾಡಿ ಹತ್ತುವ ಮೊದಲು ಪ್ರೊಬೇಶನ್ ಅಧಿಕಾರಿಗೆ ತಿಳಿಸಬೇಕು. ಷರತ್ತು ಬದಲಿಸುವ ಅಧಿಕಾರ ಕೋರ್ಟಿಗಿದೆ.

ಸೊಲ್ಲಾಪುರದ ಬೇಲಿಗೆ ಕೊನೆಯ ದಿನ ಬರೆದಿರಲಿಲ್ಲ, ಮುಚ್ಚಳಿಕೆಗೆ ಬರೆದಿರುತ್ತದೆ. ಆ ದಿನ ಕಳೆದ ಮೇಲೂ ಊರಿನವರಾದ ನಾವು, ವರ್ಗದಲ್ಲಿ ಗುರುಗಳಾದ ನಾವು, ಆ ಮನೆಯ ಮಗುವನ್ನು ಇಂಥವನ ಮಗ ಎಂದು ಕರೆದರೆ ಬೇಲಿ ಹಾಕಿದವರು ನಾವೇ ಆಗುತ್ತೇವೆ. ಹಾಜರಿ ಪುಸ್ತಕದಲ್ಲಿ ಆ ಮಗುವಿಗೆ ಒಂದು ಹೆಸರಿದೆ. ಅದೇ ಹೆಸರಿನಿಂದ ಕರೆಯೋಣ.