ಗುಂಯ್‌ಗುಡುವ ಸ್ಪೀಕರ್: ಅರ್ಥಿಂಗ್ ಕಡಿಯುವುದು ಪರಿಹಾರವಲ್ಲ

ಸಂಗೀತ ಕಾರ್ಯಕ್ರಮ ಆರಂಭವಾಗಲು ಇನ್ನರ್ಧ ಗಂಟೆ ಇದೆ. ಕೀಬೋರ್ಡ್, ಗಿಟಾರ್, ಮಿಕ್ಸರ್‌ಗಳನ್ನು ಜೋಡಿಸಿ ಆಂಪ್ಲಿಫೈಯರ್ ಚಾಲೂ ಮಾಡಿದೊಡನೆ ಸ್ಪೀಕರಿನಿಂದ ‘ಗುಂಯ್’ ಎಂಬ ಶಬ್ದ ಹೊರಡುತ್ತದೆ. ಏನು ಮಾಡಿದರೂ ಅದು ನಿಲ್ಲದು. ಆಗ ಮೈಕ್ ಸೆಟ್ಟಿನ ಹುಡುಗನೊಬ್ಬ ಬಂದು ಆಂಪ್ಲಿಫೈಯರಿನ ಮೂರು ಪಿನ್ನಿನ ಪ್ಲಗ್ಗನ್ನು ಬಿಚ್ಚಿ, ಒಳಗಿನ ಹಸಿರು ವೈರನ್ನು ಕಳಚಿ, ಮತ್ತೆ ಸಾಕೆಟ್ಟಿಗೆ ಸಿಕ್ಕಿಸುತ್ತಾನೆ. ಶಬ್ದ ಮಾಯವಾಗುತ್ತದೆ. ಸಂಘಟಕರು ನಿಟ್ಟುಸಿರು ಬಿಡುತ್ತಾರೆ. ಆದರೆ ಆ ಕ್ಷಣದಿಂದ ಗಿಟಾರ್ ಹಿಡಿದವನಿಗೂ 230 ವೋಲ್ಟ್ ವಿದ್ಯುತ್ತಿಗೂ ನಡುವೆ ಉಳಿಯುವುದು ಆಂಪ್ಲಿಫೈಯರಿನೊಳಗಿನ ಇನ್ಸುಲೇಶನ್ ಮಾತ್ರ. ಅದು ಎಷ್ಟು ಹಳೆಯದು, ಎಷ್ಟು ಮಳೆಗಾಲ ಕಂಡಿದೆ ಎಂಬುದನ್ನು ಯಾರೂ ವಿಚಾರಿಸುವುದಿಲ್ಲ.

ಹಸಿರು ವೈರಿನ ಕೆಲಸ

ಫೇಸ್ ವೈರಿನಲ್ಲಿ ಬಂದ ವಿದ್ಯುತ್ ನ್ಯೂಟ್ರಲ್ ಮೂಲಕ ಮರಳುತ್ತದೆ. ಮೂರನೆಯದಾದ ಅರ್ಥ್ ವೈರಿಗೆ ಸಾಮಾನ್ಯವಾಗಿ ಕೆಲಸವೇ ಇಲ್ಲ. ಉಪಕರಣದ ಲೋಹದ ಪೆಟ್ಟಿಗೆಯನ್ನು ಭೂಮಿಗೆ ಜೋಡಿಸಿಕೊಂಡು ಅದು ಸುಮ್ಮನಿರುತ್ತದೆ. ಒಳಗೆ ಫೇಸ್ ವೈರು ಸಡಿಲಗೊಂಡು ಪೆಟ್ಟಿಗೆಗೆ ತಗುಲಿದರೆ ಮಾತ್ರ ಭಾರೀ ಪ್ರಮಾಣದ ವಿದ್ಯುತ್ ಅದರ ಮೂಲಕ ಹರಿದು ಫ್ಯೂಸ್ ಸುಡುತ್ತದೆ ಇಲ್ಲವೇ ಎಂಸಿಬಿ ಬೀಳುತ್ತದೆ. ಪ್ಲಗ್ಗಿನ ಅರ್ಥ್ ಪಿನ್ನು ಉಳಿದೆರಡಕ್ಕಿಂತ ಉದ್ದವಾಗಿರುವುದೂ ಇದೇ ಕಾರಣಕ್ಕೆ. ಪ್ಲಗ್ ಹಾಕುವಾಗ ಅದು ಮೊದಲು ತಾಗಬೇಕು, ಕೀಳುವಾಗ ಕೊನೆಗೆ ಬಿಡಬೇಕು.

ಮಿಕ್ಸಿ, ಇಸ್ತ್ರಿ ಪೆಟ್ಟಿಗೆಗಳಿಗಿಂತ ಸಂಗೀತೋಪಕರಣಗಳಲ್ಲಿ ಈ ರಕ್ಷಣೆ ಹೆಚ್ಚು ಅಗತ್ಯ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳನ್ನು ಬ್ರಿಡ್ಜ್ ಮೂಲಕ ಕೇಬಲ್ಲಿನ ಹೊರಜಾಲಿಗೆಗೆ ಜೋಡಿಸಲಾಗಿರುತ್ತದೆ. ಆ ಜಾಲಿಗೆ ಆಂಪ್ಲಿಫೈಯರಿನ ಪೆಟ್ಟಿಗೆಗೆ ಸೇರಿರುತ್ತದೆ. ಅಂದರೆ ವಾದಕನ ಬೆರಳುಗಳು ಕಾರ್ಯಕ್ರಮದುದ್ದಕ್ಕೂ ಆಂಪ್ಲಿಫೈಯರಿನ ಪೆಟ್ಟಿಗೆಯನ್ನೇ ಮುಟ್ಟಿಕೊಂಡಿರುತ್ತವೆ. ಮೈಕಿನ ಲೋಹದ ಕವಚವೂ ಹೀಗೆಯೇ ಮಿಕ್ಸರ್ ಮೂಲಕ ಭೂಮಿಗೆ ಸೇರಿರುತ್ತದೆ. ಅರ್ಥ್ ಕಡಿದ ಆಂಪ್ಲಿಫೈಯರಿನಲ್ಲಿ ದೋಷ ಉಂಟಾದರೆ ಗಿಟಾರಿನ ತಂತಿಗಳಿಗೆ ಪೂರ್ಣ 230 ವೋಲ್ಟ್ ಬಂದು ನಿಲ್ಲಬಹುದು. ಒಣಗಿದ ಮರದ ವೇದಿಕೆ, ರಬ್ಬರ್ ಚಪ್ಪಲಿ ಇದ್ದರೆ ವಾದಕನಿಗೆ ಅದು ತಿಳಿಯುವುದೂ ಇಲ್ಲ. ಹಾಡಲು ಬಾಗಿ ತುಟಿಯನ್ನು ಮೈಕಿಗೆ ತಾಗಿಸಿದಾಗ ಅಥವಾ ಸ್ಟ್ಯಾಂಡನ್ನು ಇನ್ನೊಂದು ಕೈಯಲ್ಲಿ ಹಿಡಿದಾಗ ವಿದ್ಯುತ್ ಮಂಡಲ ಪೂರ್ಣಗೊಳ್ಳುತ್ತದೆ. ಸರಿಯಾಗಿ ಅರ್ಥ್ ಆಗಿರುವ ಮೈಕೇ ಇಲ್ಲಿ ಮಾರಕವಾಗುವುದು ವಿಚಿತ್ರವಾದರೂ ಸತ್ಯ.

ಸುಮಾರು 10 ಮಿಲಿ ಆಂಪಿಯರ್ ದಾಟಿದರೆ ಸ್ನಾಯುಗಳು ಬಿಗಿದು ಹಿಡಿದದ್ದನ್ನು ಬಿಡಲಾಗದ ಸ್ಥಿತಿ ಬರುತ್ತದೆ. 30 ಮಿಲಿ ಆಂಪಿಯರ್ ಮೀರಿದ ಪ್ರವಾಹ ಎದೆಯ ಮೂಲಕ ಕೆಲಕಾಲ ಹರಿದರೆ ಹೃದಯದ ಲಯ ತಪ್ಪುವ ಅಪಾಯವಿದೆ. 6 ಆಂಪಿಯರ್ ಫ್ಯೂಸ್ ಸುಡಬೇಕಾದರೆ ಇದರ 200 ಪಟ್ಟಿಗೂ ಹೆಚ್ಚು ವಿದ್ಯುತ್ ಹರಿಯಬೇಕು. ಹೀಗಾಗಿ ‘ಫ್ಯೂಸ್ ಇದೆಯಲ್ಲ’ ಎಂಬ ಧೈರ್ಯಕ್ಕೆ ಅರ್ಥವಿಲ್ಲ. ಫ್ಯೂಸ್ ಇರುವುದು ವೈರನ್ನು ಕಾಪಾಡಲು, ಮನುಷ್ಯನನ್ನಲ್ಲ.

ಇದು ಊಹೆಯ ಮಾತಲ್ಲ. ಎಲೆಕ್ಟ್ರಿಕ್ ಗಿಟಾರ್ ಮೊದಲು ಜನಪ್ರಿಯವಾದ ಬ್ರಿಟನ್ ಮತ್ತು ಅಮೆರಿಕದ ರಾಕ್ ಸಂಗೀತ ಕ್ಷೇತ್ರ ಇದಕ್ಕೆ ಬೆಲೆ ತೆತ್ತಿದೆ. ‘ಸ್ಟೋನ್ ದ ಕ್ರೋಸ್’ ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವೆ 1972ರ ಮೇ 3ರಂದು ವೇಲ್ಸ್‌ನ ಸ್ವಾನ್ಸೀ ನಗರದ ವೇದಿಕೆಯಲ್ಲಿ ಅರ್ಥ್ ಇಲ್ಲದ ಮೈಕನ್ನು ಮುಟ್ಟಿ ವಿದ್ಯುದಾಘಾತದಿಂದ ಮೃತಪಟ್ಟರು. ಆಗ ಅವರ ವಯಸ್ಸು 27. ‘ಯಾರ್ಡ್‌ಬರ್ಡ್ಸ್’ ತಂಡದ ಗಾಯಕರಾಗಿದ್ದ ಕೀತ್ ರೆಲ್ಫ್ 1976ರ ಮೇ ತಿಂಗಳಲ್ಲಿ ತಮ್ಮ ಮನೆಯಲ್ಲಿಯೇ, ಸರಿಯಾಗಿ ಅರ್ಥ್ ಆಗಿರದ ಗಿಟಾರ್ ನುಡಿಸುತ್ತಿದ್ದಾಗ ಅಸುನೀಗಿದರು. ‘ರೋಲಿಂಗ್ ಸ್ಟೋನ್ಸ್’ನ ಕೀತ್ ರಿಚರ್ಡ್ಸ್ 1965ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಯಾಕ್ರಮೆಂಟೊದಲ್ಲಿ ಗಿಟಾರ್ ಮೈಕಿಗೆ ತಾಗಿದಾಗ ಪ್ರಜ್ಞೆ ತಪ್ಪಿ ಬಿದ್ದರೂ ಬದುಕುಳಿದರು. ಅವರನ್ನು ಕಾಪಾಡಿದ್ದು ಪಾದರಕ್ಷೆಯ ರಬ್ಬರ್ ಅಡಿ ಎಂದು ಹೇಳಲಾಗುತ್ತದೆ.

ಶಬ್ದದ ಮೂಲ ಎಲ್ಲಿ?

ನಮ್ಮಲ್ಲಿ ವಿದ್ಯುತ್ ಸೆಕೆಂಡಿಗೆ 50 ಬಾರಿ ಆವರ್ತಿಸುತ್ತದೆ. ಸ್ಪೀಕರಿನಲ್ಲಿ ಕೇಳಿಸುವುದು ಈ 50 ಅಥವಾ ಅದರ ಇಮ್ಮಡಿಯಾದ 100 ಹರ್ಟ್ಸ್‌ನ ನಾದ. ಹಾರ್ಮೋನಿಯಂನ ಬಿಳಿ ಐದರ ಶ್ರುತಿಗೆ, ಕೆಳಗಿನ ಸ್ಥಾಯಿಯಲ್ಲಿ, ಇದು ಬಲು ಸಮೀಪ. ಆದರೆ ಕೊಂಚ ಮೇಲೆ. ಬಿಳಿ ಐದರಲ್ಲಿ ಹಾಡುವವರಿಗೆ ಇದರಷ್ಟು ಕಿರಿಕಿರಿಯ ಶ್ರುತಿಪೆಟ್ಟಿಗೆ ಬೇರೊಂದಿರಲಾರದು.

ಬಹುಪಾಲು ಸಂದರ್ಭಗಳಲ್ಲಿ ಕಾರಣ ‘ಗ್ರೌಂಡ್ ಲೂಪ್’. ಮಿಕ್ಸರ್ ಸಭಾಂಗಣದ ಹಿಂಭಾಗದ ಸಾಕೆಟ್ಟಿನಲ್ಲಿಯೂ ಆಂಪ್ಲಿಫೈಯರ್ ವೇದಿಕೆಯ ಸಾಕೆಟ್ಟಿನಲ್ಲಿಯೂ ಇವೆ ಎಂದಿಟ್ಟುಕೊಳ್ಳಿ. ಎರಡೂ ಕಡೆ ಅರ್ಥ್ ಇದ್ದರೂ ಅವುಗಳ ನಡುವೆ ಅಲ್ಪ ಪ್ರಮಾಣದ ವೋಲ್ಟೇಜ್ ವ್ಯತ್ಯಾಸ ಇದ್ದೇ ಇರುತ್ತದೆ. ಎರಡನ್ನೂ ಕೂಡಿಸುವ ಕೇಬಲ್ಲಿನ ಜಾಲಿಗೆಯಲ್ಲಿ ಆ ವ್ಯತ್ಯಾಸದಿಂದ ವಿದ್ಯುತ್ ಹರಿದು ಸಂಗೀತದ ಸಂಕೇತದೊಂದಿಗೆ ಬೆರೆಯುತ್ತದೆ. ಮೈಕಿನಿಂದ ಬರುವ ಸಂಕೇತವೇ ಕೆಲವು ಮಿಲಿ ವೋಲ್ಟ್‌ಗಳಷ್ಟಿರುವಾಗ ಈ ಬೆರಕೆ ಎದ್ದು ಕೇಳಿಸದೆ ಇರದು.

ಆಂಪ್ಲಿಫೈಯರಿನ ಅರ್ಥ್ ಕಡಿದಾಗ ಈ ಉರುಳು ತುಂಡಾಗಿ ಶಬ್ದ ನಿಲ್ಲುವುದು ನಿಜ. ತಂತ್ರ ಫಲಿಸುವುದರಿಂದಲೇ ಅದು ಕೈಯಿಂದ ಕೈಗೆ ಹಬ್ಬಿದೆ. ಆದರೆ ಆಗ ಆಂಪ್ಲಿಫೈಯರಿಗೆ ಉಳಿಯುವ ಏಕೈಕ ಭೂಸಂಪರ್ಕವೆಂದರೆ ಮಿಕ್ಸರಿಗೆ ಹೋಗುವ ಕೇಬಲ್ಲಿನ ತೆಳು ಜಾಲಿಗೆ. ದೋಷದ ವಿದ್ಯುತ್ ಹರಿದರೆ ಅದು ಸುಟ್ಟುಹೋಗಬಹುದು. ಕಾರ್ಯಕ್ರಮದ ನಡುವೆ ಯಾರಾದರೂ ಆ ಕೇಬಲ್ ಕಿತ್ತರೆ ಅದೂ ಇಲ್ಲ.

ಎಲ್ಲ ಶಬ್ದಕ್ಕೂ ಗ್ರೌಂಡ್ ಲೂಪ್ ಕಾರಣವಲ್ಲ. ಯಾವ ಕೇಬಲ್ಲೂ ಜೋಡಿಸದಿರುವಾಗಲೂ ಆಂಪ್ಲಿಫೈಯರ್ ಗುಂಯ್‌ಗುಟ್ಟಿದರೆ ಒಳಗಿನ ಫಿಲ್ಟರ್ ಕೆಪಾಸಿಟರ್ ಹಳತಾಗಿರುವ ಸಾಧ್ಯತೆ ಹೆಚ್ಚು. ಗಿಟಾರಿನ ತಂತಿ ಮುಟ್ಟಿದಾಗ ಶಬ್ದ ಕಡಿಮೆಯಾದರೆ ಗಾಬರಿ ಬೇಡ, ಒಂದೇ ಸುರುಳಿಯ ಪಿಕಪ್ ಇರುವ ಗಿಟಾರ್‌ಗಳ ಸ್ವಭಾವವೇ ಅದು. ದೀಪಗಳ ಡಿಮ್ಮರ್ ಸಮೀಪದಲ್ಲಿದ್ದರೆ ‘ಝರ್’ ಎಂಬ ಕರ್ಕಶ ಸದ್ದು ಬರುತ್ತದೆ.

ಉರುಳನ್ನು ಎಲ್ಲಿ ತುಂಡರಿಸಬೇಕು?

ಉತ್ತರ ಸರಳ: ಧ್ವನಿಯ ಕೇಬಲ್ಲಿನಲ್ಲಿ, ವಿದ್ಯುತ್ತಿನ ಪ್ಲಗ್ಗಿನಲ್ಲಲ್ಲ. ಖರ್ಚಿಲ್ಲದ ಮೊದಲ ಉಪಾಯವೆಂದರೆ ಎಲ್ಲ ಧ್ವನಿ ಉಪಕರಣಗಳಿಗೂ ಒಂದೇ ಬೋರ್ಡಿನಿಂದ ವಿದ್ಯುತ್ ಎಳೆಯುವುದು. ಆಗ ಅರ್ಥ್‌ಗಳ ನಡುವಿನ ವ್ಯತ್ಯಾಸವೇ ತಗ್ಗುತ್ತದೆ. ಆ ಬೋರ್ಡಿನ ಸಾಮರ್ಥ್ಯ ಮೀರದಂತೆ ನೋಡಿಕೊಳ್ಳಬೇಕು. ವಿದ್ಯುತ್ ವೈರು ಮತ್ತು ಧ್ವನಿಯ ಕೇಬಲ್ಲುಗಳನ್ನು ಒಂದೇ ಕಟ್ಟು ಕಟ್ಟಿ ಎಳೆಯಬಾರದು. ದಾಟಲೇಬೇಕಾದಲ್ಲಿ ಅಡ್ಡಡ್ಡವಾಗಿ ದಾಟಿಸಬೇಕು.

ಅದರಿಂದಲೂ ಹೋಗದಿದ್ದರೆ ಎಕ್ಸ್‌ಎಲ್‌ಆರ್ ಕೊಂಡಿಗಳಿರುವ ಬ್ಯಾಲೆನ್ಸ್‌ಡ್ ಕೇಬಲ್ ಬಳಸಬೇಕು. ಇದರ ಎರಡು ವೈರುಗಳಲ್ಲಿ ಸಂಕೇತ ಪರಸ್ಪರ ವಿರುದ್ಧವಾಗಿ ಸಾಗುತ್ತದೆ. ದಾರಿಯಲ್ಲಿ ಸೇರುವ ಶಬ್ದ ಎರಡರಲ್ಲೂ ಒಂದೇ ರೀತಿ ಇರುವುದರಿಂದ ಕೊನೆಯಲ್ಲಿ ವಜಾ ಆಗುತ್ತದೆ. ಕೀಬೋರ್ಡ್, ಗಿಟಾರ್‌ಗಳಿಗೆ ಡಿಐ ಬಾಕ್ಸ್ ಇದೆ. ಅದರ ಮೇಲಿನ ‘ಗ್ರೌಂಡ್ ಲಿಫ್ಟ್’ ಗುಂಡಿ ಧ್ವನಿ ಕೇಬಲ್ಲಿನ ಜಾಲಿಗೆಯನ್ನಷ್ಟೇ ಕಡಿಯುತ್ತದೆ, ಪ್ಲಗ್ಗಿನ ಅರ್ಥ್‌ಗೆ ಅದು ಕೈಹಾಕುವುದಿಲ್ಲ. ಹೆಸರು ಒಂದೇ ರೀತಿ ಕೇಳಿಸುವುದರಿಂದ ಎರಡನ್ನೂ ಒಂದೆಂದು ಭಾವಿಸಿದವರು ಕಡಿಮೆಯಿಲ್ಲ.

ಲ್ಯಾಪ್‌ಟಾಪಿನಿಂದ ಟ್ರ್ಯಾಕ್ ಹಾಕುವಾಗ ಶಬ್ದ ಬಂದರೆ ಚಾರ್ಜರ್ ಕಿತ್ತು ನೋಡಬಹುದು. ನಿಂತರೆ ಕಾರಣ ಗೊತ್ತಾಯಿತು. ಧ್ವನಿಯ ಹಾದಿಯಲ್ಲಿ ಚಿಕ್ಕ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಟ್ಟರೆ ಅಲ್ಲಿಗೆ ಮುಗಿಯಿತು.

ಹೆಸರಿಗಷ್ಟೇ ಅರ್ಥ್

ಮೂರು ಪಿನ್ನಿನ ಸಾಕೆಟ್ ಇದ್ದ ಮಾತ್ರಕ್ಕೆ ಅರ್ಥ್ ಇದೆ ಎಂದುಕೊಳ್ಳುವಂತಿಲ್ಲ. ಹಳೆಯ ಕಟ್ಟಡಗಳಲ್ಲಿ ಅರ್ಥ್ ವೈರನ್ನು ಕಬ್ಬಿಣದ ನಲ್ಲಿ ಕೊಳವೆಗೆ ಸುತ್ತಿರುವುದುಂಟು. ಕೊಳವೆ ಪಿವಿಸಿಗೆ ಬದಲಾದ ದಿನವೇ ಆ ಅರ್ಥ್ ಹೋಯಿತು, ಯಾರಿಗೂ ತಿಳಿಯಲಿಲ್ಲ. ಇದಕ್ಕಿಂತ ಕೆಟ್ಟದ್ದು ಸಾಕೆಟ್ಟಿನೊಳಗೆ ನ್ಯೂಟ್ರಲ್ಲಿನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರು ಹಾಕುವ ಅಭ್ಯಾಸ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಆ ಸಾಕೆಟ್ಟಿಗೆ ಜೋಡಿಸಿದ ಎಲ್ಲ ಪೆಟ್ಟಿಗೆಗಳಿಗೂ ಫೇಸ್ ಬಂದುಬಿಡುತ್ತದೆ, ಯಾವ ಉಪಕರಣವೂ ಕೆಟ್ಟಿರಬೇಕಿಲ್ಲ.

ಗಣೇಶೋತ್ಸವ, ಜಾತ್ರೆಗಳ ಪೆಂಡಾಲಿನ ಪಕ್ಕದಲ್ಲಿ ಕಬ್ಬಿಣದ ಸಲಾಕೆಯೊಂದನ್ನು ಬಡಿದು ವೈರು ಸುತ್ತುವುದನ್ನೂ ಕಾಣಬಹುದು. ಒಣನೆಲದಲ್ಲಿ ಅಂತಹ ಸಲಾಕೆಯ ರೋಧ 50 ಓಮ್ ಎಂದಿಟ್ಟುಕೊಂಡರೆ, ದೋಷ ಉಂಟಾದಾಗ ಹರಿಯುವ ವಿದ್ಯುತ್ 4.6 ಆಂಪಿಯರ್ ಮಾತ್ರ. 16 ಆಂಪಿಯರಿನ ಎಂಸಿಬಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದು. ಪೆಟ್ಟಿಗೆ ವಿದ್ಯುತ್ ಹೊತ್ತುಕೊಂಡೇ ನಿಲ್ಲುತ್ತದೆ. ನೆಲದ ಗುಣ, ಗುಂಡಿಯ ಆಳ, ತಗಡಿನ ಅಳತೆ ಮುಂತಾದವನ್ನು ಹೇಳುವ ಐಎಸ್ 3043 ಎಂಬ ಭಾರತೀಯ ಮಾನಕ ಇರುವುದು ಇದಕ್ಕಾಗಿಯೇ. ಟೆಸ್ಟರಿನ ದೀಪ ನೋಡಿ ಅರ್ಥ್ ಚೆನ್ನಾಗಿದೆ ಎಂದು ತೀರ್ಮಾನಿಸುವುದು ಸಾಧ್ಯವಿಲ್ಲ, ಪರವಾನಗಿ ಹೊಂದಿದ ಎಲೆಕ್ಟ್ರಿಷಿಯನ್ ಅರ್ಥ್ ಟೆಸ್ಟರಿನಿಂದ ಅಳೆಯಬೇಕು.

ಇಂತಹ ಸಂದರ್ಭದಲ್ಲಿ ಕೈಹಿಡಿಯುವುದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದ ವಿದ್ಯುತ್ ನ್ಯೂಟ್ರಲ್ಲಿನಲ್ಲಿ ಪೂರ್ತಿ ಮರಳದಿದ್ದರೆ ಅದು ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳಲ್ಲಿಯೂ, ಅವುಗಳ ಬದಲಿಗೆ 2023ರಲ್ಲಿ ಬಂದ ನಿಯಮಗಳಲ್ಲಿಯೂ ಈ ಬಗೆಯ ಸೋರಿಕೆ ರಕ್ಷಣೆಗೆ ಅವಕಾಶ ಕಲ್ಪಿಸಲಾಗಿದೆ. ಆದರೆ ಆರ್‌ಸಿಸಿಬಿ ಅರ್ಥ್‌ಗೆ ಬದಲಿಯಲ್ಲ. ಅರ್ಥ್ ಇದ್ದರೆ ದೋಷ ಉಂಟಾದೊಡನೆ ಅದು ಬೀಳುತ್ತದೆ. ಇಲ್ಲದಿದ್ದರೆ ಯಾರಾದರೂ ಮುಟ್ಟುವವರೆಗೆ ಕಾಯುತ್ತದೆ.

ಜನರೇಟರ್ ತಂದಾಗ ಇನ್ನೂ ಒಂದು ತೊಡಕು. ಅದರ ನ್ಯೂಟ್ರಲ್ಲನ್ನು ಅರ್ಥ್‌ಗೆ ಬೆಸೆಯದಿದ್ದರೆ ಆರ್‌ಸಿಸಿಬಿ ಕೆಲಸ ಮಾಡದೆ ಇರಬಹುದು. ಮಿಕ್ಸರನ್ನು ಊರಿನ ಲೈನಿನಲ್ಲಿಯೂ ಆಂಪ್ಲಿಫೈಯರನ್ನು ಜನರೇಟರಿನಲ್ಲಿಯೂ ನಡೆಸುವುದಂತೂ ಶಬ್ದಕ್ಕೂ ಅಪಾಯಕ್ಕೂ ಒಟ್ಟಿಗೆ ಆಹ್ವಾನ.

ಮೈಕ್ ಅಥವಾ ಗಿಟಾರ್ ಮುಟ್ಟಿದಾಗ ‘ಜುಮ್’ ಎನಿಸಿದರೆ ಕಾರ್ಯಕ್ರಮ ನಿಲ್ಲಿಸಿ ಕಾರಣ ಹುಡುಕಬೇಕು. ಯಾರಾದರೂ ವಿದ್ಯುತ್ತಿಗೆ ಸಿಕ್ಕಿಕೊಂಡರೆ ಅವರನ್ನು ಮುಟ್ಟದೆ ಮೊದಲು ಮೇನ್ ಸ್ವಿಚ್ ಆರಿಸಬೇಕು. ಅದು ಕೈಗೆಟುಕದಿದ್ದರೆ ಒಣಗಿದ ಮರದ ಕೋಲಿನಿಂದ ಬಿಡಿಸಬೇಕು. ಉಸಿರಾಟ ನಿಂತಿದ್ದರೆ ಕೂಡಲೇ ಎದೆ ಒತ್ತಲು ಆರಂಭಿಸಿ, ಇನ್ನೊಬ್ಬರಿಂದ 108ಕ್ಕೆ ಕರೆ ಮಾಡಿಸಬೇಕು. ಮೇನ್ ಸ್ವಿಚ್ ಎಲ್ಲಿದೆ ಎಂಬುದನ್ನು ವೇದಿಕೆ ಹತ್ತುವ ಮೊದಲೇ ತಂಡದ ಒಬ್ಬರಾದರೂ ನೋಡಿಟ್ಟುಕೊಂಡಿರಬೇಕು, ಆರ್‌ಸಿಸಿಬಿಯ ಮೇಲಿನ ಟೆಸ್ಟ್ ಗುಂಡಿಯನ್ನು ಒಮ್ಮೆ ಒತ್ತಿ ಅದು ಬೀಳುತ್ತದೆಯೇ ಎಂಬುದನ್ನೂ ಸಹ.