ಸ್ವನಿರ್ಮಿತ ಎಕ್ಸೆಪ್ಷನ್

ಪ್ರೋಗ್ರಾಮು ತನ್ನ ಕಾರ್ಯಮಧ್ಯದಲ್ಲಿ ಮುಂದುವರಿಯಲಾಗದ ಸ್ಥಿತಿಯನ್ನು ಸಂಧಿಸಿದಾಗ, ಭಾಷೆಯು ಮೊದಲೇ ಒದಗಿಸಿದ ಸಾಮಾನ್ಯ ದೋಷನಾಮಗಳು ಸಾಲದೆಹೋದಲ್ಲಿ, ಪ್ರೋಗ್ರಾಮರನು ತಾನೇ ರಚಿಸಿಕೊಳ್ಳುವ ದೋಷವರ್ಗಕ್ಕೆ ಈ ಹೆಸರು ಸಲ್ಲುತ್ತದೆ. 1960ರ ದಶಕದ ಪಿಎಲ್‌/ಒನ್ ಭಾಷೆಯಲ್ಲಿಯೇ ಇಂಥ ಸ್ಥಿತಿಗಳಿಗೆ ಹೆಸರಿಡುವ ಅವಕಾಶವಿದ್ದಿತು. ಜಾವಾ, ಪೈಥಾನ್‌ಗಳಲ್ಲಿ 'ಎಕ್ಸೆಪ್ಷನ್' ಎಂಬ ಮೂಲ ಕ್ಲಾಸನ್ನು ವಿಸ್ತರಿಸುವುದರಿಂದ ಇದು ಸಿದ್ಧಿಸುತ್ತದೆ.

ಒಂದು ಉದಾಹರಣೆಯನ್ನು ನೋಡಬಹುದು. ಹೊಸಕೋಟೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಸೂಲಿಬೆಲೆಯ ಪಹಣಿಗಳು, ರಾಜ್ಯದ ಇತರ ಪಹಣಿಗಳಂತೆ, 'ಭೂಮಿ' ಯೋಜನೆಯ ಮೂಲಕ ಕಂಪ್ಯೂಟರನ್ನು ಸೇರಿ ಎರಡು ದಶಕಗಳು ಸಂದಿವೆ. ಆ ಯೋಜನೆಯ ಒಳರಚನೆ ಹೇಗಾದರೂ ಇರಲಿ, ಅಂಥ ದಾಖಲೆಗಾಗಿ ಒಂದು ಪ್ರೋಗ್ರಾಮನ್ನು ಕಲ್ಪಿಸಿಕೊಂಡರೆ, ವಿಸ್ತೀರ್ಣದ ಕಲಮಿನಲ್ಲಿ ಯಾರೋ 2 ಎಕರೆ 45 ಗುಂಟೆ ಎಂದು ತುಂಬಿದಾಗ ಭಾಷೆಯು ಚಕಾರವೆತ್ತದು. 45 ಎಂಬುದು ಅದರ ದೃಷ್ಟಿಯಲ್ಲಿ ನಿರ್ದುಷ್ಟವಾದ ಪೂರ್ಣಾಂಕ. 40 ಗುಂಟೆಗೆ ಎಕರೆಯಾಗುವುದೆಂಬ ಜ್ಞಾನ ಕಂದಾಯದವರದು. ಆದುದರಿಂದ 'ಗುಂಟೆಮಿತಿದೋಷ'ವೆಂಬ ಕ್ಲಾಸನ್ನು ರಚಿಸಿ, ಸರ್ವೆ ನಂಬರು, ಹಿಸ್ಸಾ, ತುಂಬಿದ ಅಂಕೆ ಇವನ್ನು ಅದರೊಳಗಿರಿಸಿ ಎಸೆದರೆ, ಹಿಡಿಯುವ ಭಾಗವು ಆ ದೋಷವೊಂದನ್ನೇ ಹಿಡಿದು, ತಿದ್ದಬೇಕಾದ ಜಾಗವನ್ನು ಗುಮಾಸ್ತನಿಗೆ ತೋರಿಸಬಲ್ಲುದು. ಡೇಟಾಬೇಸಿನ ಸಂಪರ್ಕ ಕಡಿದ ದೋಷವು ಬೇರೆ ದಾರಿ ಹಿಡಿಯುವುದು.

ಪ್ರತಿ ಸಣ್ಣ ತಪ್ಪಿಗೂ ಒಂದೊಂದು ಕ್ಲಾಸು ಕಟ್ಟುವ ಉತ್ಸಾಹ ಮಾತ್ರ ಶ್ಲಾಘ್ಯವಲ್ಲ. ಪೈಥಾನಿನಲ್ಲಿ ಸ್ವನಿರ್ಮಿತ ಎಕ್ಸೆಪ್ಷನ್‌ಗಳು 'ಬೇಸ್‌ಎಕ್ಸೆಪ್ಷನ್'ನಿಂದಲ್ಲ, 'ಎಕ್ಸೆಪ್ಷನ್'ನಿಂದಲೇ ಹುಟ್ಟತಕ್ಕವು. ಜಾವಾದಲ್ಲಿ ನೇರವಾಗಿ 'ಎಕ್ಸೆಪ್ಷನ್'ನಿಂದ ಹುಟ್ಟಿದ್ದನ್ನು ಹಿಡಿಯದೆ ಅಥವಾ ಘೋಷಿಸದೆ ಇದ್ದರೆ ಕಂಪೈಲರು ಒಪ್ಪದು. 'ರನ್‌ಟೈಮ್‌ಎಕ್ಸೆಪ್ಷನ್'ನ ಸಂತತಿಗೆ ಆ ನಿರ್ಬಂಧವಿಲ್ಲ.