ಪ್ಲೆಕ್ಸಿಪ್ಪಸ್ ಕುಲದ ಜಿಗಿಯುವ ಜೇಡಗಳು: ವರ್ಗೀಕರಣ ಮತ್ತು ಜೀವನಕ್ರಮ

(ಬೆಳಗಾವಿ ನಗರ ಹಾಗೂ ಖಾನಾಪುರ ತಾಲ್ಲೂಕಿನ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಮನೆಯ ಗೋಡೆ, ಕಿಟಕಿಯ ಚೌಕಟ್ಟು ಮತ್ತು ಕಛೇರಿಯ ಕಡತಗಳ ಕಪಾಟುಗಳ ಮೇಲೆ ಬಲೆಯಿಲ್ಲದೆ ಓಡಾಡುತ್ತ, ನೊಣವನ್ನು ಕಂಡೊಡನೆ ಹಾರಿ ಹಿಡಿಯುವ ಚಿಕ್ಕ ಜೇಡವನ್ನು ಎಲ್ಲರೂ ಕಂಡಿರುತ್ತಾರೆ. ಇಂತಹ ಜೇಡಗಳಲ್ಲಿ ಬಹು ಪರಿಚಿತವಾದುದು ಪ್ಲೆಕ್ಸಿಪ್ಪಸ್ ಕುಲಕ್ಕೆ ಸೇರಿದುದು. ಇದನ್ನು ವಿಷಜಂತುವೆಂದು ಭಾವಿಸಿ ಕೊಲ್ಲುವುದು ಸಾಮಾನ್ಯವಾಗಿದೆ. ಮತ್ತೊಂದೆಡೆ, ಜೀವವೈವಿಧ್ಯ ದಾಖಲಾತಿಗೆ ಮಾಹಿತಿ ನೀಡುವ ಉತ್ಸಾಹದಲ್ಲಿ ಕಂಡ ಜೇಡಕ್ಕೆಲ್ಲ ಊಹೆಯ ಹೆಸರನ್ನು ಬರೆಯುವ ಸಂಭವವೂ ಇರುತ್ತದೆ. ಈ ಎರಡನ್ನೂ ತಪ್ಪಿಸುವ ಉದ್ದೇಶದಿಂದ ಈ ಕೆಳಕಂಡ ಮಾಹಿತಿಯನ್ನು ಒದಗಿಸಲಾಗಿದೆ.

2. ವರ್ಗೀಕರಣ

ವರ್ಗ: ಅರಾಕ್ನಿಡಾ
ಗಣ: ಅರೇನಿಯೇ (ಜೇಡಗಳು)
ಕುಟುಂಬ: ಸಾಲ್ಟಿಸಿಡೇ (ಜಿಗಿಯುವ ಜೇಡಗಳು)
ಪಂಗಡ: ಪ್ಲೆಕ್ಸಿಪ್ಪಿನಿ
ಕುಲ: ಪ್ಲೆಕ್ಸಿಪ್ಪಸ್

ಸಾಲ್ಟಿಸಿಡೇ ಜೇಡಗಳ ಕುಟುಂಬಗಳಲ್ಲಿಯೇ ಅತಿ ದೊಡ್ಡದು. ಇದರಲ್ಲಿ 6,000ಕ್ಕೂ ಮೀರಿದ ಪ್ರಭೇದಗಳು ಈವರೆಗೆ ದಾಖಲಾಗಿವೆ. ಪ್ಲೆಕ್ಸಿಪ್ಪಸ್ ಕುಲವನ್ನು ಜರ್ಮನಿಯ ಸಿ. ಎಲ್. ಕಾಖ್ ಅವರು 1846ರಲ್ಲಿ ಸ್ಥಾಪಿಸಿದರು. ಆದರೆ ಕುಲದ ಪ್ರಸಿದ್ಧ ಪ್ರಭೇದವಾದ ಪ್ಲೆಕ್ಸಿಪ್ಪಸ್ ಪೇಕುಲ್ಲಿಯು ಅದಕ್ಕೂ ಮೊದಲೇ, 1826ರಲ್ಲಿ, ಆಡುವಾನ್ ಅವರಿಂದ ಬೇರೊಂದು ಕುಲದ ಹೆಸರಿನಡಿ ವರ್ಣಿತವಾಗಿತ್ತು. ಎರಡನೆಯ ಪರಿಚಿತ ಪ್ರಭೇದವಾದ ಪ್ಲೆಕ್ಸಿಪ್ಪಸ್ ಪೀಟರ್ಸಿಯನ್ನು ಕಾರ್ಶ್ ಅವರು 1878ರಲ್ಲಿ ವರ್ಣಿಸಿದರು. ಹೊಸ ಆಧಾರಗಳು ದೊರೆತಂತೆ ಪ್ರಭೇದವೊಂದನ್ನು ಒಂದು ಕುಲದಿಂದ ಮತ್ತೊಂದಕ್ಕೆ ವರ್ಗಾಯಿಸುವುದು ವರ್ಗೀಕರಣ ಶಾಸ್ತ್ರದಲ್ಲಿ ವಾಡಿಕೆ. ಆದುದರಿಂದ ಹಳೆಯ ಪುಸ್ತಕದಲ್ಲಿನ ಹೆಸರು ಇಂದಿನ ಪಟ್ಟಿಯಲ್ಲಿ ಕಾಣದಿದ್ದಲ್ಲಿ ಅದು ಅಳಿದುಹೋದ ಜೀವಿಯೆಂದು ಭಾವಿಸತಕ್ಕದ್ದಲ್ಲ.

3. ಗುರುತಿಸುವ ಲಕ್ಷಣಗಳು

(ಅ) ಪ್ಲೆಕ್ಸಿಪ್ಪಸ್ ಪೇಕುಲ್ಲಿಯ ದೇಹದ ಉದ್ದ ಸುಮಾರು 9ರಿಂದ 12 ಮಿ.ಮೀ. ಇರುತ್ತದೆ.
(ಆ) ಗಂಡು ಕಪ್ಪು ಬಣ್ಣದ್ದಾಗಿದ್ದು, ತಲೆಯಿಂದ ಹೊಟ್ಟೆಯವರೆಗೆ ನಡುವೆ ಅಗಲವಾದ ಬಿಳಿ ಪಟ್ಟೆಯನ್ನೂ ಎರಡು ಬದಿಗಳಲ್ಲಿ ಬಿಳಿ ಪಟ್ಟೆಗಳನ್ನೂ ಹೊಂದಿರುತ್ತದೆ.
(ಇ) ಹೆಣ್ಣು ಕಂದು ಬಣ್ಣದ್ದಾಗಿದ್ದು, ನಡುವಿನ ಪಟ್ಟೆ ಮಾಸಲಾಗಿರುತ್ತದೆ. ಗಂಡು ಮತ್ತು ಹೆಣ್ಣನ್ನು ಬೇರೆ ಬೇರೆ ಪ್ರಭೇದಗಳೆಂದು ಎಣಿಸುವ ತಪ್ಪು ಸಾಮಾನ್ಯವಾಗಿ ಇಲ್ಲಿಯೇ ಆಗುತ್ತದೆ.
(ಈ) ಗೋಡೆಗಳ ಮೇಲೆ ಕಾಣುವ ಮೆನೆಮೆರಸ್ ಬೈವಿಟ್ಟೇಟಸ್ ಎಂಬ ಇನ್ನೊಂದು ಜಿಗಿಯುವ ಜೇಡವು ಚಪ್ಪಟೆ ದೇಹ ಹಾಗೂ ಬೂದು ಬಣ್ಣವನ್ನು ಹೊಂದಿದ್ದು, ಪ್ಲೆಕ್ಸಿಪ್ಪಸ್‌ನಿಂದ ಭಿನ್ನವಾಗಿದೆ.

ಬಣ್ಣವು ಕೇವಲ ಸುಳಿವು ಮಾತ್ರ. ಪ್ರಭೇದದ ಅಂತಿಮ ನಿರ್ಧಾರವನ್ನು ಪ್ರೌಢ ಜೇಡದ ಜನನಾಂಗಗಳ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ತಜ್ಞರು ಮಾಡುತ್ತಾರೆ.

4. ಜೀವನಕ್ರಮ

ಜಿಗಿಯುವ ಜೇಡಗಳಿಗೆ ಎಂಟು ಕಣ್ಣುಗಳಿವೆ. ಮುಂಭಾಗದ ಎರಡು ದೊಡ್ಡ ಕಣ್ಣುಗಳು ದುರ್ಬೀನಿನಂತೆ ಕೆಲಸ ಮಾಡಿ ಬೇಟೆಯ ಆಕಾರವನ್ನು ಸ್ಪಷ್ಟವಾಗಿ ತೋರಿಸುತ್ತವೆ. ಉಳಿದವು ಸುತ್ತಲಿನ ಚಲನೆಯನ್ನು ಗಮನಿಸುತ್ತವೆ. ಈ ಜೇಡಗಳು ಬೇಟೆಗಾಗಿ ಬಲೆ ನೇಯುವುದಿಲ್ಲ. ಬೇಟೆಯನ್ನು ಮೆಲ್ಲನೆ ಸಮೀಪಿಸಿ, ನೂಲಿನ ಎಳೆಯೊಂದನ್ನು ಗೋಡೆಗೆ ಅಂಟಿಸಿ, ನಂತರ ಜಿಗಿಯುತ್ತವೆ. ಗುರಿ ತಪ್ಪಿದಲ್ಲಿ ಆ ಎಳೆಯೇ ಆಧಾರವಾಗುತ್ತದೆ. ಕಾಲುಗಳೊಳಗಿನ ದ್ರವದ ಒತ್ತಡ ಹಠಾತ್ತನೆ ಏರುವುದರಿಂದ ಜಿಗಿತಕ್ಕೆ ಬೇಕಾದ ಬಲ ದೊರೆಯುತ್ತದೆ.

ನೂಲನ್ನು ಗೂಡಿಗಾಗಿಯೂ ಬಳಸಲಾಗುತ್ತದೆ. ಗೋಡೆಯ ಮೂಲೆ, ಬಿರುಕು ಅಥವಾ ದೀಪದ ಬಳಿ ಚಿಕ್ಕ ಬಿಳಿಯ ಗೂಡನ್ನು ಕಟ್ಟಿ ಜೇಡವು ವಿಶ್ರಮಿಸುತ್ತದೆ. ಗಂಡು ಮುಂಗಾಲುಗಳನ್ನೆತ್ತಿ ಹೆಣ್ಣಿನ ಮುಂದೆ ಪ್ರದರ್ಶನ ನೀಡುತ್ತದೆ. ಹೆಣ್ಣು ಗೂಡಿನೊಳಗಿದ್ದಲ್ಲಿ ಗೂಡನ್ನು ಅಲುಗಿಸಿ ತನ್ನ ಇರವನ್ನು ತಿಳಿಸುತ್ತದೆ. ಪೇಕುಲ್ಲಿಯ ಹೆಣ್ಣು ಒಂದು ಚೀಲದಲ್ಲಿ ಸುಮಾರು 35ರಿಂದ 60 ಮೊಟ್ಟೆಗಳನ್ನಿಟ್ಟು, ಮರಿಗಳು ಚದುರುವವರೆಗೆ ಕಾವಲಿರುತ್ತದೆ. ನೊಣ, ಸೊಳ್ಳೆ ಮುಂತಾದ ಕೀಟಗಳು ಇದರ ಆಹಾರ. ಮನುಷ್ಯರಿಗೆ ಈ ಜೇಡದಿಂದ ಗಂಭೀರ ಅಪಾಯವಿಲ್ಲ.

5. ಕನ್ನಡದ ಹೆಸರುಳ್ಳ ಸಂಬಂಧಿ ಕುಲ

ಪ್ಲೆಕ್ಸಿಪ್ಪಸ್‌ನ ಹತ್ತಿರದ ಬಳಗಕ್ಕೆ ಸೇರಿದ ಹೊಸ ಕುಲವೊಂದಕ್ಕೆ 2024ರಲ್ಲಿ 'ತೆಂಕಣ' ಎಂದು ನಾಮಕರಣ ಮಾಡಲಾಗಿದೆ. ದಕ್ಷಿಣ ದಿಕ್ಕನ್ನು ಸೂಚಿಸುವ ಕನ್ನಡ ಪದವೇ ಈ ಹೆಸರಿಗೆ ಮೂಲ. ಈ ಕುಲವನ್ನು ವರ್ಣಿಸಿದವರು ಕಿರಣ್ ಮರಾಠೆ, ವೇಯ್ನ್ ಮ್ಯಾಡಿಸನ್ ಮತ್ತು ಕೃಷ್ಣಮೇಘ ಕುಂಟೆ. ಇದರ ಹೊಸ ಪ್ರಭೇದವಾದ ತೆಂಕಣ ಜಯಮಂಗಲಿಗೆ ತುಮಕೂರು ಜಿಲ್ಲೆಯ ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿಯ ಹೆಸರನ್ನಿಡಲಾಗಿದೆ. ಹಿಂದೆ ಕೊಲಾಪ್ಸಸ್ ಕುಲದಲ್ಲಿದ್ದ ಪ್ರಭೇದಗಳನ್ನೂ ಇದಕ್ಕೆ ವರ್ಗಾಯಿಸಲಾಗಿದೆ. ತೆಂಕಣ ಜೇಡಗಳು ಗೋಡೆಯನ್ನಲ್ಲದೆ ಒಣ ಪ್ರದೇಶದ ನೆಲವನ್ನು ಆಶ್ರಯಿಸುತ್ತವೆ. 'ಪಾಳು' ಎಂದು ಬಿಟ್ಟಿರುವ ಬಯಲು ಭೂಮಿಯಲ್ಲಿಯೂ ಹೆಸರಿಲ್ಲದ ಜೀವಿಗಳು ಇರಬಹುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

6. ಬೆಳಗಾವಿ ಮತ್ತು ಖಾನಾಪುರ

ಬೆಳಗಾವಿ ನಗರವು ಮಲೆನಾಡು ಮತ್ತು ಬಯಲುಸೀಮೆ ಕೂಡುವ ಸ್ಥಳದಲ್ಲಿದೆ. ಖಾನಾಪುರ ತಾಲ್ಲೂಕು ಪಶ್ಚಿಮ ಘಟ್ಟಗಳ ದಟ್ಟ ಕಾಡನ್ನು ಒಳಗೊಂಡಿದ್ದು, ಮಲಪ್ರಭಾ ನದಿಯು ಇಲ್ಲಿನ ಕಣಕುಂಬಿಯಲ್ಲಿ ಹುಟ್ಟುತ್ತದೆ. ಈ ತಾಲ್ಲೂಕಿನ ಸುಮಾರು 190 ಚ.ಕಿ.ಮೀ. ಅರಣ್ಯವು 2011ರಲ್ಲಿ ಭೀಮಗಡ ವನ್ಯಜೀವಿ ಧಾಮವಾಯಿತು. ಪ್ಲೆಕ್ಸಿಪ್ಪಸ್ ಪೇಕುಲ್ಲಿಯು ಮನುಷ್ಯರ ವಾಸಸ್ಥಾನಗಳಿಗೆ ಒಗ್ಗಿ ಉಷ್ಣವಲಯದ ದೇಶಗಳಲ್ಲೆಲ್ಲ ಹರಡಿರುವುದರಿಂದ ಅದಕ್ಕೆ ಅಳಿವಿನ ಭಯವಿಲ್ಲ. ಕಾಡಿನ ಎಲೆ, ತೊಗಟೆ ಮತ್ತು ತರಗೆಲೆಯನ್ನೇ ನಂಬಿರುವ ಜೇಡಗಳ ಸ್ಥಿತಿ ಹಾಗಲ್ಲ. ಅವುಗಳ ಆವಾಸವು ನಾಶವಾದಲ್ಲಿ ಅವು ಗೋಡೆಗೆ ಬಂದು ಬದುಕಲಾರವು. ಲೆಕ್ಕದ ಪುಸ್ತಕದಲ್ಲಿ ನಮೂದಾಗದ ಬಾಬ್ತು ನಷ್ಟವಾದರೂ ಅದು ಯಾರ ಗಮನಕ್ಕೂ ಬಾರದು. ದಾಖಲಾಗದ ಜೀವಿಯ ವಿಷಯವೂ ಅಷ್ಟೇ.

7. ಸಾರ್ವಜನಿಕರ ಗಮನಕ್ಕೆ

(ಅ) ಮನೆಯಲ್ಲಿ ಕಂಡ ಜೇಡಕ್ಕೆ ಕೀಟನಾಶಕ ಸಿಂಪಡಿಸುವ ಅವಶ್ಯಕತೆ ಇರುವುದಿಲ್ಲ. ಬೇಡವೆನಿಸಿದಲ್ಲಿ ಲೋಟವನ್ನು ಕವುಚಿ, ಅಡಿಯಲ್ಲಿ ಕಾಗದವನ್ನು ಸರಿಸಿ ಹೊರಗೆ ಬಿಡಬಹುದು.
(ಆ) ಜೀವವೈವಿಧ್ಯ ಅಧಿನಿಯಮ, 2002ರ ಮೇರೆಗೆ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳನ್ನು ರಚಿಸಲು ಅವಕಾಶವಿದ್ದು, ಜನತಾ ಜೀವವೈವಿಧ್ಯ ದಾಖಲಾತಿಯನ್ನು ಈ ಸಮಿತಿಗಳು ಸಿದ್ಧಪಡಿಸುತ್ತವೆ. ಗ್ರಾಮಾಂತರ ನಿವಾಸಿಗಳು ಗ್ರಾಮ ಪಂಚಾಯಿತಿಗೆ, ನಗರವಾಸಿಗಳು ಮಹಾನಗರ ಪಾಲಿಕೆಗೆ ಮಾಹಿತಿ ನೀಡಬಹುದು.
(ಇ) ಮಾಹಿತಿಯೊಂದಿಗೆ ಛಾಯಾಚಿತ್ರ, ದಿನಾಂಕ, ಸ್ಥಳ ಮತ್ತು ಆವಾಸದ ವಿವರ (ಗೋಡೆ, ಎಲೆ, ನೆಲ) ನೀಡತಕ್ಕದ್ದು. ಪ್ರಭೇದ ಖಚಿತವಿಲ್ಲದಿದ್ದಲ್ಲಿ ಕುಲದ ಹೆಸರನ್ನು, ಕುಲವೂ ತಿಳಿಯದಿದ್ದಲ್ಲಿ 'ಜಿಗಿಯುವ ಜೇಡ' ಎಂದಷ್ಟೇ ಬರೆಯುವುದು ಸೂಕ್ತ. ಅಪೂರ್ಣ ಮಾಹಿತಿಯನ್ನು ಮುಂದೆ ಪೂರ್ಣಗೊಳಿಸಬಹುದು. ತಪ್ಪು ಹೆಸರು ಮಾತ್ರ ಒಂದು ಪಟ್ಟಿಯಿಂದ ಮತ್ತೊಂದಕ್ಕೆ ಹಾಗೆಯೇ ಸಾಗುತ್ತದೆ.
(ಈ) ವನ್ಯಜೀವಿ ಧಾಮದೊಳಗೆ ಅಧ್ಯಯನ ಅಥವಾ ಛಾಯಾಗ್ರಹಣಕ್ಕಾಗಿ ಪ್ರವೇಶಿಸಲು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಪ್ರಕರಣ 28ರ ಮೇರೆಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅರ್ಜಿ ಸಲ್ಲಿಸಿ ಪರವಾನಗಿ ಪಡೆಯತಕ್ಕದ್ದು. ಪ್ರವೇಶದ ಪರವಾನಗಿಯನ್ನು ಜೀವಿಗಳನ್ನು ಹಿಡಿದು ತರುವ ಅನುಮತಿಯೆಂದು ಭಾವಿಸತಕ್ಕದ್ದಲ್ಲ.